ಟೇಪು ನಿಂತ ಜಾಗ

ನಿವೃತ್ತಿಯಾದ ಮೇಲೆ ನನ್ನ ಕನಸಿನಲ್ಲಿ ಮನುಷ್ಯರಿಗಿಂತ ಮನೆಗಳೇ ಹೆಚ್ಚಾಗಿ ಬರುತ್ತವೆ. ಮಧ್ಯಾಹ್ನ ಉಂಡು ಒರಗಿದರೆ ಸಾಕು, ಯಾವುದೋ ಮನೆಯ ಹೊಸ್ತಿಲು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋಗುತ್ತೇನೆ. ಒಳಗೆ ತಂಪು. ಬೆಳಕಿಂಡಿಯಿಂದ ಇಳಿದ ಬಿಸಿಲು ನೆಲದ ಮೇಲೆ ಮಲಗಿರುತ್ತದೆ. ಯಾರೋ "ಬರ್ರಿ ಅಕ್ಕಾರ, ಕುಂದರ್ರಿ" ಅನ್ನುತ್ತಾರೆ. ನನ್ನ ಕೈಯಲ್ಲಿ ಟೇಪು ಇರುತ್ತದೆ. ಎಳೆಯುತ್ತ ಹೋಗುತ್ತೇನೆ, ಎಳೆಯುತ್ತಲೇ ಹೋಗುತ್ತೇನೆ, ಎದುರಿನ ಗೋಡೆ ಮಾತ್ರ ಬರುವುದೇ ಇಲ್ಲ.

ಶಹಾಪುರ, ಸುರಪುರ, ಯಾದಗಿರಿ, ಈ ಮೂರು ಊರುಗಳ ಬ್ಯಾಂಕ್ ಶಾಖೆಗಳಲ್ಲಿ ನನ್ನ ನೌಕರಿ ಮುಗಿಯಿತು. ನಾನು ಸಾಲ ವಿಭಾಗದವಳು. ಮನೆ ಕಟ್ಟಲು, ಕೊಳ್ಳಲು ಸಾಲ ಕೇಳಿದವರ ಬಾಗಿಲಿಗೆ ಹೋಗಿ, ಜಾಗ ಅಳೆದು, ಕಾಗದ ಓದಿ, ಇದರ ಬೆಲೆ ಇಷ್ಟು ಎಂದು ವರದಿ ಬರೆಯುವುದು ನನ್ನ ಕೆಲಸ. ಈಚೆಗೆ ನನ್ನ ತಂಗಿಯ ಮಗಳು ಇನ್ನೊಂದು ಬ್ಯಾಂಕಿನಲ್ಲಿ ಅದೇ ಮೇಜಿಗೆ ಕೂತಿದ್ದಾಳೆ. "ದೊಡ್ಡವ್ವ, ನೀವು ಮನಿ ಮನಿ ಯಾಕ ತಿರಗತಿದ್ರಿ? ಈಗ ಏಜೆನ್ಸಿಯವರು ಫೋಟೋ ಕಳಸ್ತಾರ, ಕಂಪ್ಯೂಟರೇ ಬೆಲಿ ಹೇಳ್ತದ" ಎನ್ನುತ್ತಾಳೆ. ಅವಳಿಗೆ, ಅವಳಂಥವರಿಗೆ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎಂದು ಬರೆಯಲು ಕೂತರೆ ನನಗೆ ಬಿಪಿ ಏರುತ್ತದೆ, ಓದುವವರಿಗೆ ನಿದ್ದೆ ಬರುತ್ತದೆ. ಅದನ್ನು ಬಿಡುತ್ತೇನೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ನಾನು ಕಲಬುರಗಿಯಲ್ಲಿ ಬಾಡಿಗೆ ಮನೆಗಳಲ್ಲೇ ಬೆಳೆದವಳು. ಮೊಳೆ ಹೊಡೆಯುವ ಮುಂಚೆ ಮಾಲೀಕರನ್ನು ಕೇಳಬೇಕಾಗಿತ್ತು. ಹಾಗಾಗಿ ಪರರ ಸ್ವಂತ ಮನೆಯೊಳಗೆ ಕಾಲಿಟ್ಟ ಕೂಡಲೇ ನನಗೆ ಒಂದು ಬಗೆಯ ಮಂಪರು ಹತ್ತುತ್ತಿತ್ತು. ಇಲ್ಲಿ ನಾನಿದ್ದಿದ್ದರೆ ಈ ಗೂಡಿನಲ್ಲಿ ದೀಪ ಇಡುತ್ತಿದ್ದೆ, ಆ ಕಿಟಕಿ ಕೆಳಗೆ ಕೂತು ಕೂದಲು ಬಾಚುತ್ತಿದ್ದೆ ಅಂತೆಲ್ಲ ಯೋಚಿಸುತ್ತ ಅಳತೆ ಮರೆತು ಮತ್ತೆ ಅಳೆದದ್ದುಂಟು. ಸಾಲಗಾರರು ಪಾಪ, ಅಕ್ಕಾರು ಭಾರಿ ಕಟ್ಟುನಿಟ್ಟು, ಎರಡೆರಡು ಸಲ ಅಳೀತಾರ ಎಂದುಕೊಳ್ಳುತ್ತಿದ್ದರು.

ನಾನು ಶಹಾಪುರಕ್ಕೆ ಬಂದಾಗ ಕಾಲುವೆಗೆ ನೀರು ಬಂದು ಬಹಳ ದಿನವಾಗಿರಲಿಲ್ಲ. ಸಂಜೆಯಾದರೆ ಜನ ಸುಮ್ಮನೆ ನೀರು ನೋಡಲೆಂದೇ ದಂಡೆಗೆ ಹೋಗುತ್ತಿದ್ದರು. ಜೋಳ, ತೊಗರಿ ನೋಡಿದ ಕಣ್ಣಿಗೆ ಎರೆಹೊಲದಲ್ಲಿ ನೀರು ನಿಂತು ಅದರೊಳಗೆ ಆಕಾಶ ಕಾಣುವುದು ಹೊಸದು. ಬಸ್ಸಿನ ಕಿಟಕಿಯಿಂದ ಅದನ್ನು ನೋಡುತ್ತ ಕೂತು ಇಳಿಯಬೇಕಾದ ಸ್ಟಾಪು ದಾಟಿ ಎಷ್ಟೋ ಸಲ ಮುಂದೆ ಹೋಗಿದ್ದೇನೆ. ಕಂಡಕ್ಟರು ನನ್ನನ್ನು ಗುರುತು ಹಿಡಿದಿದ್ದ. "ಬ್ಯಾಂಕ್ ಅಕ್ಕಾರ, ಕಣ್ಣು ತೆರೀರಿ, ನಿಮ್ಮ ಸ್ಟಾಪ್ ಬಂತು" ಎಂದು ಕೂಗುತ್ತಿದ್ದ. ನನ್ನ ಕಣ್ಣು ತೆರೆದೇ ಇರುತ್ತಿತ್ತು.

ನಮ್ಮ ಮ್ಯಾನೇಜರ್ ಭಂಡಾರಿ ಸಾಹೇಬರು ಕರಾವಳಿಯವರು, ಹೆಂಚಿನ ಮನೆಯಲ್ಲಿ ಹುಟ್ಟಿದವರು. ಈ ಕಡೆಯ ಮಾಳಿಗೆ ಮನೆ ಅವರಿಗೆ ಅರ್ಥವೇ ಆಗಲಿಲ್ಲ. ಕಲ್ಲಿನ ಗೋಡೆ, ಬೇವಿನ ಕಂಬ, ತೊಲೆಗಳ ಮೇಲೆ ಹಲಗೆ, ಅದರ ಮೇಲೆ ದಪ್ಪಗೆ ಮಣ್ಣು ಹಾಕಿ ಬಡಿದು ಸಮ ಮಾಡಿದ ಚಾವಣಿ, ಇದು ಮಾಳಿಗೆ. ಸಾಹೇಬರು ಮೊದಲ ಸಲ ನೋಡಿದಾಗ, "ಏನು ಮಾರಾಯ್ರೇ, ತಲೆ ಮೇಲೆ ಗದ್ದೆ ಹೊತ್ತುಕೊಂಡು ಮಲಗ್ತಾರಲ್ಲ ಇವರು! ಮಣ್ಣಿನ ಮೇಲೆ ಸಾಲ ಕೊಟ್ಟರೆ ಮಳೆಗಾಲಕ್ಕೆ ಸಾಲವೂ ಕರಗಿ ಹೋಗ್ತದೆ" ಎಂದರು. ನಿಯಮವೂ ಅವರ ಕಡೆಗೇ ಇತ್ತು. ಮಣ್ಣಿನ ಚಾವಣಿಯ ಕಟ್ಟಡಕ್ಕೆ ಬೆಲೆ ಕಟ್ಟುವಂತಿರಲಿಲ್ಲ. ಅದು ನಿಂತ ಜಾಗಕ್ಕೆ ಮಾತ್ರ ಬೆಲೆ. ಕಟ್ಟಡ ಎಂಬ ಕಾಲಮಿನಲ್ಲಿ ಸೊನ್ನೆ ಹಾಕಬೇಕು.

ಅವರು ನನಗೆ ಕಲಿಸಿದ ಇನ್ನೊಂದು ನಿಯಮ ಯಾವ ಸರ್ಕ್ಯುಲರಿನಲ್ಲೂ ಇರಲಿಲ್ಲ. ಅಳೆಯಲು ಹೋದ ಮನೆಯಲ್ಲಿ ನೀರು ಕುಡಿಯಬಹುದು, ಚಹಾ ಕುಡಿಯಬಾರದು. "ಚಹಾ ಕುಡಿದರೆ ಪೆನ್ನು ಮೆತ್ತಗಾಗ್ತದೆ" ಅನ್ನುತ್ತಿದ್ದರು. ಈ ಕಡೆ ಮನೆಗೆ ಹೋಗಿ ಚಹಾ ಬೇಡ ಅಂದರೆ ಆ ಮನೆಯವರ ಮುಖಕ್ಕೆ ಹೊಡೆದ ಹಾಗೆ. ನಾನು ಕುಡಿದೇ ಬರುತ್ತಿದ್ದೆ, ಸಾಹೇಬರಿಗೆ ಮಾತ್ರ ಹೇಳುತ್ತಿರಲಿಲ್ಲ. ಚಹಾ ಆಗುವಷ್ಟು ಹೊತ್ತು ಕೂತರೆ ಮನೆ ತಾನಾಗಿಯೇ ಮಾತಾಡುತ್ತದೆ. ಯಾರು ದುಡಿಯುವವರು, ಯಾರು ಉಡಾಯಿಸುವವರು, ಯಾರ ಮಾತು ನಡೆಯುತ್ತದೆ ಎಲ್ಲ ತಿಳಿಯುತ್ತದೆ. ಇದನ್ನು ತಂಗಿಯ ಮಗಳಿಗೆ ಹೇಳಿದರೆ ನಗುತ್ತಾಳೆ. ನಗಲಿ, ಅವಳ ಕಂಪ್ಯೂಟರು ಚಹಾ ಕುಡಿದಿಲ್ಲ.

ಮಣ್ಣಿನ ಮಾಳಿಗೆಗೆ ಸಾಲವಿಲ್ಲ ಅಂದ ಮೇಲೆ ಏನಾಯಿತು ಗೊತ್ತೇ? ಸಾಲ ಬೇಕಾದವರೆಲ್ಲ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಿದರು. ನನ್ನ ಕಣ್ಣೆದುರಿಗೇ ಓಣಿಗೆ ಓಣಿಯೇ ಚಾವಣಿ ಬದಲಿಸಿತು. ಬೇಸಿಗೆ ಬಂದಾಗ ಅದೇ ಜನ ಸ್ಲ್ಯಾಬಿನ ಕೆಳಗೆ ಮಲಗಲಾರದೆ ಹೊರಗೆ ಕಟ್ಟೆಯ ಮೇಲೆ ಬೆವರು ಒರೆಸಿಕೊಳ್ಳುತ್ತ ಕೂತಿರುತ್ತಿದ್ದರು. "ಅಕ್ಕಾರ, ನಿಮ್ಮ ಬ್ಯಾಂಕಿನ ಮನಿ ಭಾರಿ ಛಲೋ ಅದ, ಒಳಗ ಮಲಗಾಕಷ್ಟೇ ಬರಂಗಿಲ್ಲ" ಎಂದು ಒಬ್ಬರು ಚೇಷ್ಟೆ ಮಾಡಿದರು. ಎಲ್ಲೋ ದೂರದ ಊರಿನ ಮೇಜಿನ ಮೇಲೆ ಬರೆದ ಒಂದು ಸಾಲು ನಮ್ಮೂರಿನ ತಂಪನ್ನು ಕಿತ್ತುಕೊಂಡು ಹೋಯಿತು. ನನಗೆ ಅದರ ದುಃಖ ಈಗಲೂ ಇದೆ.

ಆಗಿನ ಕಾಲದಲ್ಲಿ ಬಡ್ಡಿ ದರ ನಾವು ನಿರ್ಧರಿಸುತ್ತಿರಲಿಲ್ಲ, ಎಲ್ಲವೂ ಮೇಲಿನಿಂದ ಅಂಚೆಯಲ್ಲಿ ಬರುತ್ತಿತ್ತು. ಸಾಲ ಮೊದಲು ಹೊಲಕ್ಕೆ, ಎತ್ತಿಗೆ, ಪಂಪಿಗೆ. ಮನೆಗೆ ಕೊನೆಯ ಪಾಲು. ಮನೆ ಸಾಲ ಕೇಳಲು ಬಂದವನನ್ನು ನಾವು ಅಡುಗೆಮನೆಗೆ ನುಗ್ಗಿದ ಬೆಕ್ಕಿನ ಹಾಗೆ ನೋಡುತ್ತಿದ್ದೆವು. ಆದರೆ ಸರ್ಕಾರ ಕಾಲುವೆಗೆ ಸುರಿದ ಹಣ ಕಾಲುವೆಯಲ್ಲೇ ಉಳಿಯಲಿಲ್ಲ. ಭತ್ತ ಬಂತು, ಭತ್ತ ಬೆಳೆಯುವ ತೆಲುಗು ಕುಟುಂಬಗಳು ಬಂದು ನೆಲೆಸಿ ಕ್ಯಾಂಪು ಎಂಬ ಹೊಸ ಊರುಗಳಾದವು, ಅಕ್ಕಿ ಗಿರಣಿಗಳು ಎದ್ದವು. ಅವರೆಲ್ಲರಿಗೂ ಊರೊಳಗೆ ಮನೆ ಬೇಕಾಯಿತು. ಯಾರೂ ಕೇಳದಿದ್ದ ಜಾಗಗಳಿಗೆ ಒಮ್ಮೆಲೇ ಬೆಲೆ ಬಂತು.

ಆ ಬೆಲೆ ತಿಳಿಯಲು ನಾನು ಹೋಗುತ್ತಿದ್ದದ್ದು ಇಸ್ಮಾಯಿಲ್ ಸಾಬರ ಹತ್ತಿರ. ಅವರು ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಕೂತು ಮನೆ, ಜಾಗ ಕೊಡಿಸುವ ದಲ್ಲಾಳಿ. ಈ ಓಣಿಯಲ್ಲಿ ಏನು ರೇಟು ಎಂದು ಕೇಳಿದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ, "ಕೆನಾಲ್ ಚಾಲೂ ಅದನೋ, ಬಂದ್ ಅದನೋ?" ನಾನು ನಕ್ಕರೆ ಅವರು ನಗುತ್ತಿರಲಿಲ್ಲ. "ನೋಡ್ರಿ ಅಕ್ಕಾ, ನೀರು ಹರೀಲಿಕತ್ತಿದ್ರ ಮಾರಾವ ಒಂದು ರೇಟ್ ಹೇಳ್ತಾನ. ನೀರು ನಿಂತ್ರ ಅವನ ಅವಾಜೂ ನಿಲ್ತದ. ಅಸಲಿ ರೇಟು ಇಲ್ಲಿ ಚಹಾದಂಗಡ್ಯಾಗ ಇರ್ತದ, ಕಾಗದದ ರೇಟು ನೋಂದಣಿ ಆಫೀಸಿನ್ಯಾಗ ಇರ್ತದ. ನಿಮಗ ಯಾವ್ದು ಬೇಕು?" ನಮಗೆ ಬೇಕಾದದ್ದು ಕಾಗದದ ರೇಟು, ಕೊಳ್ಳುವವನು ಕೊಡಬೇಕಾದದ್ದು ಅಸಲಿ ರೇಟು. ನಡುವಿನ ಕಂದಕಕ್ಕೆ ಅವನು ಹೆಂಡತಿಯ ಬಂಗಾರ ಸುರಿಯುತ್ತಿದ್ದ. ಸಾಲ ಸಿಕ್ಕರೂ ಮನೆ ಸಿಗದೆ ಹೋದವರನ್ನು ನಾನು ಬಹಳ ನೋಡಿದ್ದೇನೆ.

ಸಾಬರ ಲೆಕ್ಕವೂ ಯಾವಾಗಲೂ ಸರಿ ಬರುತ್ತಿರಲಿಲ್ಲ. ಎರಡನೇ ಬೆಳೆಗೆ ನೀರು ಬಿಡದ ಒಂದು ವರ್ಷ ತಾವೇ ಕೊಂಡಿಟ್ಟ ಎರಡು ಪ್ಲಾಟು ಹಿಡಿದುಕೊಂಡು ಚಹಾದಂಗಡಿಯಲ್ಲಿ ಬಾಡಿದ ಮುಖ ಮಾಡಿ ಕೂತಿದ್ದರು. ನನ್ನ ಲೆಕ್ಕವಂತೂ ಕೇಳಲೇಬೇಡಿ. ಊರ ಹೊರಗಿನ ಒಂದು ಜಾಗದಲ್ಲಿ ಹಾಡಹಗಲೇ ನರಿ ಕಂಡು, "ಬೆಳವಣಿಗೆಯ ಸಾಧ್ಯತೆ ಇಲ್ಲ" ಎಂದು ವರದಿ ಬರೆದೆ. ಈಗ ಅಲ್ಲಿ ಸಾಲಾಗಿ ಅಂಗಡಿಗಳಿವೆ. ಒಂದು ಅಂಗಡಿಯಲ್ಲಿ ನನ್ನ ಚಿತ್ರವಿಟ್ಟು ಪೂಜೆ ಮಾಡಬೇಕು ಎಂದು ತಂಗಿಯ ಮಗಳು ಕಾಡುತ್ತಾಳೆ. ನಾನು ಅಷ್ಟು ಬರೆದದ್ದರಿಂದಲೇ ಆ ಜಾಗ ಅಗ್ಗವಾಗಿ ಯಾರದೋ ಕೈಗೆ ಬಿತ್ತಂತೆ.

ಭಂಡಾರಿ ಸಾಹೇಬರು ವರ್ಗವಾಗಿ ಹೋದರು. ವರ್ಷಗಳು ಕಳೆದವು, ನಾನು ಸುರಪುರಕ್ಕೆ ಬಂದೆ. ಅಷ್ಟರಲ್ಲಿ ಸರ್ಕಾರದ ನೀತಿ ಹೊರಳಿ ಮಲಗಿತ್ತು. ಬಡ್ಡಿ ಇಳಿಯಿತು, ಮನೆ ಸಾಲಕ್ಕೆ ತೆರಿಗೆ ರಿಯಾಯಿತಿ ಬಂತು, ಬ್ಯಾಂಕುಗಳು ಮನೆ ಸಾಲ ಕೊಡಬೇಕು, ಇನ್ನೂ ಕೊಡಬೇಕು ಎಂದು ಮೇಲಿನಿಂದ ಗುರಿ ಬರತೊಡಗಿತು. ಹಿಂದೆ ನಾವು ಬೆಕ್ಕಿನ ಹಾಗೆ ನೋಡುತ್ತಿದ್ದವರಿಗೆ ಈಗ ನಾವೇ ಹಾಲು ಹಿಡಿದುಕೊಂಡು ಬೆನ್ನು ಹತ್ತಿದೆವು. ಶಾಲೆಗಳಿಗೆ ಹೋಗಿ ಮಾಸ್ತರರಿಗೆ ಮನೆ ಸಾಲದ ಉಪದೇಶ ಮಾಡಿದ್ದೇನೆ. ಹಾಗೆ ಬಂದವರಲ್ಲಿ ಒಬ್ಬರು ಮರೆಪ್ಪ ಮಾಸ್ತರ.

ಮರೆಪ್ಪ ಮಾಸ್ತರರದು ಹಳೆಯ ಮಾಳಿಗೆ ಮನೆ. ತಂದೆ ತೀರಿಕೊಂಡಿದ್ದರು. ಮನೆಯಲ್ಲಿ ತಾಯಿ ನಾಗಮ್ಮ, ಮಾಸ್ತರರು, ಅವರ ಹೆಂಡತಿ ಶರಣಮ್ಮ, ತಮ್ಮ ಹಣಮಂತ, ಅವನ ಹೆಂಡತಿ, ಇಬ್ಬರ ಮಕ್ಕಳು, ಎಲ್ಲ ಒಂದೇ ಒಲೆಯವರು. ಹಣಮಂತನದು ಬಜಾರಿನಲ್ಲಿ ಗೊಬ್ಬರದ ಅಂಗಡಿ, ಭತ್ತದವರ ದಯೆಯಿಂದ ಚೆನ್ನಾಗಿ ನಡೆಯುತ್ತಿತ್ತು. ಹಿತ್ತಲಿನಲ್ಲಿ ಸ್ಲ್ಯಾಬಿನ ಎರಡು ಮನೆ ಕಟ್ಟಿ ಬಾಡಿಗೆಗೆ ಕೊಡುವುದು, ಅದಕ್ಕೆ ಸಾಲ ತೆಗೆಯುವುದು ಅವರ ವಿಚಾರ. ನಾನು ಒಂದು ರವಿವಾರ ಮುಂಜಾನೆ ಅಳೆಯಲು ಹೋದೆ.

ಆ ಮನೆಯೊಳಗೆ ಹೋದಾಗ ನನಗೆ ಮಾಮೂಲಿನಂತೆ ಮಂಪರು ಹತ್ತಿತು. ದೊಡ್ಡ ಪಡಸಾಲೆ, ನಡುವೆ ಕೈಯಾಡಿ ಆಡಿ ನುಣುಪಾದ ಬೇವಿನ ಕಂಬ. ಕಂಬದ ಬುಡದಲ್ಲಿ ಚಾಪೆ ಹಾಸಿಕೊಂಡು ನಾಗಮ್ಮ ತೊಗರಿ ಹಸನು ಮಾಡುತ್ತಿದ್ದರು. ಬೆಳಕಿಂಡಿಯ ಬಿಸಿಲು ಅವರ ಮೊರದೊಳಗೇ ಬಿದ್ದಿತ್ತು. ಟೇಪಿನ ಒಂದು ತುದಿ ಮಾಸ್ತರರು ಹಿಡಿದರು, ಇನ್ನೊಂದು ನಾನು. ಹಣಮಂತ ಬರೆದುಕೊಳ್ಳುತ್ತಿದ್ದ. ಟೇಪು ಚಾಪೆಯ ಮೇಲೆ ಹಾಯಬೇಕಾಗಿತ್ತು.

"ಅವ್ವಾರ, ಸ್ವಲ್ಪ ಸರೀರಿ, ಅಳತಿ ತಪ್ತದ" ಎಂದೆ.

ನಾಗಮ್ಮ ಟೇಪನ್ನು ನೋಡಿದರು, ದೊಡ್ಡ ಮಗನನ್ನು ನೋಡಿದರು, ಸಣ್ಣ ಮಗನನ್ನು ನೋಡಿದರು. ಮೊರ ಪಕ್ಕಕ್ಕಿಟ್ಟು ಎದ್ದು ಒಳಗೆ ಹೋದರು. ನಾವು ಹಿತ್ತಲಿಗೆ ಹೋದೆವು. ಅಳೆಯುತ್ತಿದ್ದಾಗ ಒಳಗಿನಿಂದ ಹಿತ್ತಾಳೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ನಮಗಾಗಿ ಏನೋ ಅಡುಗೆಯ ಏರ್ಪಾಡು ಎಂದುಕೊಂಡೆ.

ತಿರುಗಿ ಬಂದು ನೋಡಿದರೆ ಪಡಸಾಲೆಯಲ್ಲಿ ಮನೆಯ ಪಾತ್ರೆಗಳೆಲ್ಲ ಎರಡು ಸಾಲಾಗಿ ಕೂತಿದ್ದವು. ಈ ಕಡೆ ಒಂದು ಕೊಡ, ಆ ಕಡೆ ಒಂದು ಕೊಡ. ಈ ಕಡೆ ಪರಾತ, ಆ ಕಡೆ ಪರಾತ. ನಾಗಮ್ಮ ಒಂಟಿಯಾಗಿ ಉಳಿದ ಒಂದು ತಾಮ್ರದ ತಂಬಿಗೆ ಹಿಡಿದು ನಡುವೆ ನಿಂತಿದ್ದರು. ಶರಣಮ್ಮ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಕಲ್ಲಾಗಿದ್ದಳು.

"ಅವ್ವಾ, ಏನ್ ಮಾಡಾಕತ್ತಿ?" ಎಂದರು ಮಾಸ್ತರರು.

"ನೀವು ಬಾಯಿ ಬಿಟ್ಟು ಕೇಳೂಕಿಂತ ಮೊದಲ ನಾನ ಹಂಚೀನಪಾ. ಅಳತಿ ಒಳಗ ಬಂದ ಮ್ಯಾಲ ಇನ್ನೇನು ಉಳೀತು?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ಪಾತ್ರಿ ಹಂಚೀನಿ. ನನ್ನ ಯಾರ ಪಾಲಿಗೆ ಬರದೀರಿ, ಅದೊಂದು ಹೇಳಿಬಿಡ್ರಿ" ಎಂದರು.

ನನಗೆ ಏನೂ ಅರ್ಥವಾಗಲಿಲ್ಲ. ಮಾಸ್ತರರೇ ಆಮೇಲೆ ಬಿಡಿಸಿ ಹೇಳಿದರು. ಅವರ ಮಂದಿಯಲ್ಲಿ ಮನೆಯನ್ನು ಅಳೆಯುವುದು ಎರಡೇ ಸಲ, ಪಾಯ ಹಾಕುವಾಗ ಒಮ್ಮೆ, ಅಣ್ಣತಮ್ಮಂದಿರು ಪಾಲಾಗುವಾಗ ಒಮ್ಮೆ. ಪಾಲಿನ ಅಳತೆ ಹೊಸ್ತಿಲು ದಾಟಿತೆಂದರೆ ಮನೆಯ ಹಿರಿಯ ಹೆಂಗಸು ತಾನಾಗಿಯೇ ಪಾತ್ರೆ ಹಂಚಬೇಕು. ಒಲೆ ಬೇರೆ ಮಾಡು ಎಂಬ ಮಾತು ಮಕ್ಕಳ ಬಾಯಿಂದ ಬರಬಾರದು, ಅದು ಬಂದರೆ ಅವಳಿಗೆ ಅವಮಾನ. ಸಾಲದ ವಿಷಯ ಮಕ್ಕಳು ಆಕೆಗೆ ಹೇಳಿಯೇ ಇರಲಿಲ್ಲ. ಸಹಿ ಹಾಕುವ ದಿನ ಹೇಳಿದರಾಯಿತು ಎಂದುಕೊಂಡಿದ್ದರು. ಬಾಡಿಗೆ ಮನೆಯಲ್ಲಿ ಬೆಳೆದ ನನಗೆ ಈ ಪದ್ಧತಿ ಎಲ್ಲಿ ಗೊತ್ತು? ನಾನು ಟೇಪು ಸುತ್ತಿಕೊಂಡು ಅಲ್ಲೇ ಕೂತುಬಿಟ್ಟೆ.

ಮಾಸ್ತರರು ನಕ್ಕು, "ಅವ್ವಾ, ಇದು ಪಾಲಿನ ಅಳತಿ ಅಲ್ಲ, ಸಾಲದ ಅಳತಿ" ಎಂದು ಸಮಾಧಾನ ಮಾಡಿದರು. ಎಲ್ಲರೂ ನಕ್ಕು ಮುಗಿಯಬೇಕಾಗಿತ್ತು. ಹಣಮಂತ ಮಾತ್ರ ನಗಲಿಲ್ಲ.

"ಅವ್ವ ತಪ್ಪು ತಿಳಕೊಂಡಾಳ, ಖರೆ" ಎಂದ. "ಆದ್ರ ಹಂಚಿದ್ದು ಹಂಚ್ಯಾಳಲ್ಲ. ಗಿರಣಿ ಸಾವಕಾರ ಮುಂದಿನ ಜಾಗ ಕೇಳಾಕತ್ತಾನಣ್ಣ. ಅವ ಹೇಳಿದ ರೇಟು ಕೇಳಿದ್ರ ನಿನ್ನ ನಿದ್ದಿ ಹೋಗ್ತದ. ನನ್ನ ಪಾಲು ನನಗ ಕೊಡ್ರಿ, ನಾ ಮಾರಿ ಬಜಾರದಾಗ ಗೋದಾಮು ಕಟ್ತೀನಿ. ಸಾಲ ಯಾಕ ಬೇಕು?"

ಮುದುಕಿಯ ತಪ್ಪು ತಿಳಿವಳಿಕೆ ಅವನ ಹೊಟ್ಟೆಯಲ್ಲಿದ್ದ ಮಾತನ್ನು ಹೊರಗೆಳೆದಿತ್ತು. ಮುಂದಿನ ಜಾಗ ಮಾರುವುದೆಂದರೆ ಈ ಪಡಸಾಲೆ, ಈ ಕಂಬ ಹೋಗುವುದು. ನಾಗಮ್ಮ ತಂಬಿಗೆಯನ್ನು ಎದೆಗೊತ್ತಿಕೊಂಡು ಕಂಬಕ್ಕೆ ಒರಗಿದರು. ಬ್ಯಾಂಕಿನವರು ಮನೆಯ ಜಗಳದಲ್ಲಿ ಬಾಯಿ ಹಾಕಬಾರದು. ನಿಯಮ ಹೇಳಬಹುದು. ನಾನು ನಿಯಮ ಹೇಳಿದೆ. ಮನೆ ತಂದೆಯ ಹೆಸರಿನಲ್ಲಿರುವುದರಿಂದ ತಾಯಿಯ ಸಹಿ ಇಲ್ಲದೆ ಸಾಲವೂ ಇಲ್ಲ. ಮಾರುವುದಾದರೂ ತಾಯಿಯ ಪಾಲು ಬಿಟ್ಟು ಮಾರಲಾಗದು. ಸಾಲ ತೆಗೆದರೆ ಮೂಲ ಕಾಗದ ಬ್ಯಾಂಕಿನ ತಿಜೋರಿಯಲ್ಲಿರುತ್ತದೆ. ಅದು ತೀರುವವರೆಗೆ ಬ್ಯಾಂಕನ್ನು ಕೇಳದೆ ಮನೆ ಮಾರುವಂತಿಲ್ಲ, ಒಡೆಯುವಂತಿಲ್ಲ.

ನಾಗಮ್ಮ ತಲೆ ಎತ್ತಿದರು. "ಸಾಲ ಇರೂತನ ಮನಿ ಒಡಿಯಾಕ ಬರಂಗಿಲ್ಲ?"

"ಬರಂಗಿಲ್ರಿ ಅವ್ವಾರ. ಆದ್ರ ಕಂತು ಕಟ್ಟಲಿಲ್ಲಂದ್ರ ಮನಿ ಬ್ಯಾಂಕಿನ ಪಾಲಾಗ್ತದ. ಅದನ್ನೂ ತಿಳಕೊಳ್ರಿ" ಎಂದೆ.

"ಹಂಗಾರ ಇಬ್ರೂ ಕೂಡೇ ಕಟ್ಟಬೇಕು."

"ಹೌದ್ರಿ."

"ಎಲ್ಲಾಕಿಂತ ಉದ್ದ ವಾಯಿದಾ ಯಾವ್ದದ, ಆ ಸಾಲ ಕೊಡ್ರಿ" ಎಂದರು. ಹಣಮಂತ ಏನೋ ಹೇಳಲು ಹೋದ. ಆಕೆ ಅವನ ಕಡೆ ನೋಡದೆಯೇ, "ನಿನ್ನ ಗೋದಾಮು ಹಿತ್ತಲದಾಗ ಕಟ್ಟಿಕೋ. ಒಂದು ಬಾಡಿಗಿ ಮನಿ ಅವನದು, ಒಂದು ಗೋದಾಮು ನಿನ್ನದು. ನನ್ನ ಹೆಬ್ಬೆಟ್ಟು ಮಾರಾಟದ ಕಾಗದಕ್ಕ ಬೀಳಂಗಿಲ್ಲ" ಎಂದರು.

ಮನೆಯನ್ನು ಒತ್ತೆ ಇಡುವುದೆಂದರೆ ಅದರ ಕೊರಳಿಗೆ ಹಗ್ಗ ಹಾಕಿದಂತೆ ಎಂದೇ ನಾನು ತಿಳಿದಿದ್ದೆ. ಅದೇ ಹಗ್ಗದಿಂದ ಮನೆಯನ್ನು ಬಿಗಿದು ಕಟ್ಟಬಹುದೆಂದು ಆ ಹೆಂಗಸು ತೋರಿಸಿದರು. ಹಣಮಂತ ಕೆಲವು ದಿನ ಮುಖ ಊದಿಸಿಕೊಂಡು ಕೊನೆಗೆ ಸಹಿ ಹಾಕಿದ. ಆವತ್ತು ಶರಣಮ್ಮನ ಚಹಾ ಪೂರಾ ಆರಿ ಹೋಗಿತ್ತು. ಕುಡಿದೇ ಬಂದೆ. ನಾಗಮ್ಮ ಒಂದೊಂದೇ ಪಾತ್ರೆ ಎತ್ತಿ ಮತ್ತೆ ಒಳಗಿಡುತ್ತಿದ್ದರು. ಶಾಖೆಗೆ ಬಂದು ವರದಿ ಬರೆದೆ. ಮುಂದಿನ ಮಾಳಿಗೆಯ ಎದುರು ನಿಯಮದ ಪ್ರಕಾರ ಸೊನ್ನೆ ಹಾಕಿದೆ. ನಾಗಮ್ಮನ ಚಾಪೆ ಆ ಸೊನ್ನೆಯೊಳಗೇ ಇತ್ತು.

ಆಮೇಲಿನ ವರ್ಷಗಳು ನನಗೆ ಒಂದಕ್ಕೊಂದು ಅಂಟಿಕೊಂಡ ಹಾಗೆ ನೆನಪಾಗುತ್ತವೆ. ನಾನು ಯಾದಗಿರಿಗೆ ವರ್ಗವಾದೆ, ಯಾದಗಿರಿ ಜಿಲ್ಲೆಯಾಯಿತು. ಕಚೇರಿಗಳು ಬಂದವು, ನೌಕರರು ಬಂದರು, ಬಾಡಿಗೆ ಏರಿತು, ತೊಗರಿ ಹೊಲಗಳಲ್ಲಿ ಬಿಳಿ ಬಣ್ಣದ ಕಲ್ಲುಗಳು ಎದ್ದವು. ಕಲ್ಲು ನೆಟ್ಟವರು ಅದನ್ನು ಬಡಾವಣೆ ಅಂದರು. ಕೃಷಿಯೇತರ ಜಮೀನೆಂದು ಪರಿವರ್ತನೆಯಾಗದ ಹೊಲದ ಮೇಲೆ ಸಾಲ ಕೊಡುವಂತಿಲ್ಲ, ಬೆಲೆಯಲ್ಲಿ ಒಂದು ಭಾಗವನ್ನು ಕೊಳ್ಳುವವರೇ ತರಬೇಕು ಎಂದು ಬ್ಯಾಂಕುಗಳಿಗೆ ಕಟ್ಟುಪಾಡು. ಒಬ್ಬ ಮಾಸ್ತರ ದಂಪತಿಗೆ ಇಲ್ಲ ಎಂದು ಹೇಳಿದೆ. ಹೆಂಡತಿ ಎದ್ದು ನಿಂತು, "ನಿಮ್ಮ ಕಾಯ್ದೆ ನಮ್ಮನ್ನ ಕಾಯಲಿಕ್ಕ ಅದ ಅಂತೀರಿ. ನೀವು ಕಾಯೂದ್ರಾಗ ರೇಟು ದುಪ್ಪಟ್ಟಾತು" ಎಂದಳು. ಅವಳ ಮಾತೂ ಸುಳ್ಳಲ್ಲ, ನಮ್ಮ ಕಾಯ್ದೆಯೂ ಸುಳ್ಳಲ್ಲ. ಅಂಥ ಹೊಲಗಳಲ್ಲಿ ದುಡ್ಡು ಹಾಕಿ ಕಾಗದವಿಲ್ಲದೆ ಕೂತವರನ್ನೂ ನೋಡಿದ್ದೇನೆ. ಮೇಜಿನ ಈ ಕಡೆ ಕೂತವರು ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ನಿದ್ದೆ ಮಾಡಬೇಕಾಗುತ್ತದೆ. ಸುಲಭವಲ್ಲ, ಈಗಲೇ ಹೇಳಿರುತ್ತೇನೆ.

ನಾನು ನಿವೃತ್ತಳಾಗುವ ಹೊತ್ತಿಗೆ ಮರೆಪ್ಪ ಮಾಸ್ತರರ ಸಾಲ ತೀರಿತೆಂದು ಸುರಪುರ ಶಾಖೆಯವರು ಹೇಳಿದರು. ಒಂದು ಕಂತೂ ತಪ್ಪಿರಲಿಲ್ಲ. ನನಗೆ ಸಂತೋಷಕ್ಕಿಂತ ಹೆದರಿಕೆ ಹೆಚ್ಚಾಯಿತು. ಹಗ್ಗ ಬಿಚ್ಚಿತಲ್ಲ, ಇನ್ನು ಆ ಮನೆ? ಅಷ್ಟರಲ್ಲಿ ಆ ರಸ್ತೆಯ ಜಾಗದ ಬೆಲೆ ಗಿರಣಿ ಸಾವಕಾರ ಆವತ್ತು ಹೇಳಿದ್ದನ್ನು ಎಷ್ಟೋ ಹಿಂದೆ ಹಾಕಿತ್ತು.

ಒಂದು ದಿನ ಹಣಮಂತನೇ ಯಾದಗಿರಿಯ ನನ್ನ ಮನೆಗೆ ಬಂದ. ಕೂದಲು ಬೆಳ್ಳಗಾಗಿತ್ತು. "ಅಕ್ಕಾರ, ಅವ್ವ ಕರೀತಾಳ. ಟೇಪು ತಗೊಂಡು ಬರ್ಬೇಕಂತ" ಎಂದ. ಯಾಕೆ ಎಂದು ಕೇಳಲು ಧೈರ್ಯವಾಗಲಿಲ್ಲ. ಶಹಾಪುರದ ಮೇಲೆ ಹಾದು ಬಸ್ಸಿನಲ್ಲಿ ಹೋದೆವು. ಎರಡೂ ಕಡೆ ಭತ್ತದ ಗದ್ದೆ, ನೀರಿನಲ್ಲಿ ಮೋಡಗಳು ಹೋಗುತ್ತಿದ್ದವು. ಈ ಸಲ ನಾನು ಸ್ಟಾಪು ತಪ್ಪಿಸಲಿಲ್ಲ.

ನಾಗಮ್ಮ ಅದೇ ಕಂಬದ ಬುಡದಲ್ಲಿ, ಚಾಪೆಯ ಮೇಲೆ ಕೂತಿದ್ದರು. ಬಹಳ ಸಣ್ಣಗಾಗಿದ್ದರು. ಎರಡೂ ಗೋಡೆಗಳ ಬದಿಗೆ ಪಾತ್ರೆಗಳು ಸಾಲಾಗಿ ಕೂತಿದ್ದವು. ನಾನು ಹೊಸ್ತಿಲಲ್ಲೇ ನಿಂತೆ.

"ಅಂಜಬ್ಯಾಡ್ರಿ ಅಕ್ಕಾರ" ಎಂದರು. "ಆವತ್ತು ನೀವು ಸಾಲಕ್ಕ ಅಳದ್ರಿ, ನಾ ಪಾಲಿಗೆ ಅಂತ ತಿಳಕೊಂಡೆ. ಇವತ್ತು ಪಾಲಿಗೇ ಅಳೀರಿ. ನಾನ ಕರಸೀನಿ."

"ಯಾಕ್ರಿ ಅವ್ವಾರ, ಇಷ್ಟು ದಿನ ಹಿಡಿದಿಟ್ಟವರು?"

"ಆವಾಗ ಮೊಮ್ಮಕ್ಕಳು ಸಣ್ಣವು ಇದ್ದು, ಒಲಿ ಒಂದೇ ಇರಬೇಕಿತ್ತು. ಈಗ ಅವಕ್ಕೂ ಹೆಂಡ್ರು ಬರ್ತಾರ. ಈ ಜಾಗದ ಬೆಲಿ ಕೇಳಿದ್ರ ನನಗ ಅಂಜಿಕಿ ಬರ್ತದ ಅಕ್ಕಾರ. ಅಷ್ಟು ರೊಕ್ಕದ ನಡುವ ಮಕ್ಕಳನ್ನ ಬಿಟ್ಟು ಹೋಗಬಾರ್ದು. ನಾ ಕಣ್ಣು ತೆರದಿರೂದ್ರಾಗ ಗೋಡಿ ಎಲ್ಲಿ ಬರ್ತದ ಅಂತ ನೋಡಿ ಹೋಗ್ತೀನಿ."

ಅಳೆಯಲು ಶುರು ಮಾಡಿದೆವು. ಒಂದು ತುದಿ ಮಾಸ್ತರರು ಹಿಡಿದರು, ಇನ್ನೊಂದು ಹಣಮಂತ. ಮನೆಯನ್ನು ಸರಿಯಾಗಿ ಎರಡು ಮಾಡುವ ಗೆರೆ ಮುಂಬಾಗಿಲಿನಿಂದ ಹೊರಟು ನೇರ ಆ ಕಂಬಕ್ಕೇ ಬಂತು. ಕಂಬದ ಬುಡದಲ್ಲಿ ನಾಗಮ್ಮ. ಅಂದು ಸರೀರಿ ಎಂದ ನನ್ನ ಬಾಯಿ ಈ ಸಲ ಏಳಲಿಲ್ಲ.

"ಅವ್ವಾರ, ನಿಮ್ಮನ್ನ ಯಾರ ಪಾಲಿಗೆ ಬರೀಲಿ?" ಎಂದೆ. ಆವತ್ತಿನ ಅವರ ಪ್ರಶ್ನೆ ಅವರಿಗೆ ನೆನಪಿತ್ತು. ಹಲ್ಲಿಲ್ಲದ ಬಾಯಿ ತೆರೆದು ನಕ್ಕರು.

"ಯಾರ ಪಾಲಿಗೂ ಬ್ಯಾಡ. ನಾ ಕುಂತಷ್ಟು ಬಿಟ್ಟು ಅಳೀರಿ."

ಮೊದಲು ಬಗ್ಗಿದವನು ಹಣಮಂತ. ಟೇಪಿನ ತುದಿಯನ್ನು ಚಾಪೆಯ ಅಂಚಿಗೆ ತಂದು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಮಾಸ್ತರರು ಚಾಪೆಯ ಆ ಕಡೆಯ ಅಂಚಿನಿಂದ ಮತ್ತೆ ಹಿಡಿದರು. ನಾನು ಎರಡೂ ಪಾಲು ಬರೆದು ಕೂಡಿಸಿದೆ. ಮನೆಯ ಒಟ್ಟು ಅಳತೆಗಿಂತ ಒಂದು ಚಾಪೆಯಷ್ಟು ಕಡಿಮೆ ಬಂತು. ನನ್ನ ನೌಕರಿಯಲ್ಲಿ ಲೆಕ್ಕ ಹೊಂದದ ವರದಿಗೆ ನಾನು ಸಹಿ ಹಾಕಿದವಳಲ್ಲ. ಆವತ್ತು ಯಾವ ಬ್ಯಾಂಕಿನವಳೂ ಆಗಿರಲಿಲ್ಲ, ಹಾಗೆಯೇ ಬಿಟ್ಟೆ.

ನಾಗಮ್ಮ ಅದೇ ವರ್ಷ ಹೋದರು. ಹೋದ ಶ್ರಾವಣದಲ್ಲಿ ಸುರಪುರಕ್ಕೆ ಹೋದಾಗ ಆ ಮನೆಗೆ ಹೋಗಿ ಕೂತೆ. ನಡುವೆ ಗೋಡೆ ಎದ್ದಿದೆ. ಮುಂಬಾಗಿಲಿನಿಂದ ಬಂದ ಗೋಡೆ ಕಂಬದ ಈಚೆ ನಿಲ್ಲುತ್ತದೆ, ಆಚೆಯಿಂದ ಮತ್ತೆ ಶುರುವಾಗುತ್ತದೆ. ನಡುವೆ ಒಂದು ಚಾಪೆ ಹಾಸುವಷ್ಟು ತೆರಪು, ಅಲ್ಲಿ ಬೆಳಕಿಂಡಿಯ ಬಿಸಿಲು. ನಾನು ಹಣಮಂತನ ಪಾಲಿನಲ್ಲಿ ಕೂತಿದ್ದೆ, ಚಹಾ ಆ ಕಡೆಯಿಂದ ಶರಣಮ್ಮನ ಕೈಯಲ್ಲಿ ತೆರಪು ದಾಟಿ ಬಂತು. ಆ ರಸ್ತೆಯಲ್ಲಿ ಒಂದು ಅಡಿ ಜಾಗಕ್ಕೆ ಎಷ್ಟೆಂಬುದು ಹಣಮಂತನಿಗೆ ಬಾಯಿಪಾಠ.

"ಗೋಡಿ ಯಾಕ ಪೂರಾ ಮಾಡಿಲ್ಲೋ ಹಣಮಂತ?" ಎಂದು ಕೇಳಿದೆ.

ಅವನು ಆ ತೆರಪಿನ ಕಡೆ ನೋಡಿದ.

"ಅಷ್ಟು ಅಳತಿ ಆಗಿಲ್ಲಲ್ರಿ ಅಕ್ಕಾರ" ಎಂದ.

ನನ್ನ ಚೀಲದಲ್ಲಿ ಟೇಪು ಇತ್ತು. ತೆಗೆಯಲಿಲ್ಲ, ಚಹಾ ಕುಡಿದೆ.